ಬಿಎಂಐ, ಹೊಟ್ಟೆಯ ಸುತ್ತಳತೆ, ಎತ್ತರದ ಅರ್ಧ: ಹೃದಯ ಮತ್ತು ಸಕ್ಕರೆ ಕಾಯಿಲೆಯ ಸುಳಿವಿಗೆ ಯಾವ ಅಳತೆ ಹಿಡಿಯಬೇಕು?

ಟೇಪು ಹಿಡಿದು ಮೈ ಅಳೆದರೆ ಕಾಯಿಲೆ ಪತ್ತೆಯಾಗುವುದಿಲ್ಲ. ಯಾರು ತಡಮಾಡದೆ ಬಿಪಿ, ಶುಗರ್, ಕೊಬ್ಬಿನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ತಿಳಿಯುತ್ತದೆ. ಮಲೆನಾಡಿನಲ್ಲಿ ಈ ತಿಳಿವಳಿಕೆಗೆ ಬೆಲೆ ಹೆಚ್ಚು. ಹೊಸನಗರದ ಕಡೆಯ ಒಂಟಿಮನೆಯವರು ರಕ್ತಪರೀಕ್ಷೆಗೆಂದು ಪೇಟೆಗೆ ಬಂದರೆ ಒಂದು ದಿನದ ಕೆಲಸ ಹೋಯಿತು. ಮೈಯಲ್ಲಿ ಏನೂ ತೊಂದರೆ ಕಾಣದಿರುವಾಗ ಆ ದಿನವನ್ನು ಯಾರೂ ಸುಮ್ಮನೆ ಕಳೆಯುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಹಾಗಾಗಿ "ನಿಮಗೆ ಪರೀಕ್ಷೆ ಬೇಕು" ಎಂದು ಮನೆಯಲ್ಲೇ ಹೇಳಬಲ್ಲ ಅಳತೆ ಯಾವುದು ಎಂಬುದು ಮುಖ್ಯವಾದ ಪ್ರಶ್ನೆ.

ನಮ್ಮ ಉತ್ತರ ಇದು: ವಯಸ್ಕರಿಗೆ ಮೊದಲು ಹೊಟ್ಟೆಯ ಸುತ್ತಳತೆಯನ್ನು ಎತ್ತರದೊಂದಿಗೆ ಹೋಲಿಸಿ ನೋಡಿ. ತೂಕ–ಎತ್ತರದ ಲೆಕ್ಕವಾದ ಬಿಎಂಐಯನ್ನು ಅದರ ಜೊತೆಗಿಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ. ನಿತಂಬದ ಅಳತೆ ಕೆಲವರಿಗೆ ಮಾತ್ರ ಬೇಕು. ಉಳಿದವನ್ನು ಮನೆಮಟ್ಟಿಗೆ ಬಿಡಬಹುದು. ಇನ್ನೊಂದು ಮಾತು, ಯಾವ ಸೂತ್ರ ಆರಿಸಿಕೊಂಡಿರಿ ಎನ್ನುವುದಕ್ಕಿಂತ ಟೇಪನ್ನು ಎಲ್ಲಿ, ಹೇಗೆ ಇಟ್ಟಿರಿ ಎನ್ನುವುದರಿಂದಲೇ ಹೆಚ್ಚು ಎಡವಟ್ಟಾಗುತ್ತದೆ.

ಮೂರು ದೇಹ, ನಾಲ್ಕು ಅಳತೆ

ಲೆಕ್ಕಕ್ಕಾಗಿ ಮೂವರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ 52 ವರ್ಷದ ಗುಮಾಸ್ತರು. ಎತ್ತರ 165 ಸೆಂ.ಮೀ., ತೂಕ 62 ಕೆ.ಜಿ., ಹೊಟ್ಟೆಯ ಸುತ್ತ 93, ನಿತಂಬದ ಸುತ್ತ 92. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಬಿಎಂಐ 22.8, ಅಂದರೆ ನಮ್ಮ ದೇಶದ ಮಿತಿಯಲ್ಲೂ "ಸರಿ". ಆದರೆ ಹೊಟ್ಟೆಯ ಸುತ್ತಳತೆ ಗಂಡಸರ ಮಿತಿಯಾದ 90ನ್ನು ದಾಟಿದೆ. ಎತ್ತರದೊಂದಿಗಿನ ಅನುಪಾತ 0.56 (ಮಿತಿ 0.5), ನಿತಂಬದೊಂದಿಗಿನ ಅನುಪಾತ 1.01 (ಗಂಡಸರ ಮಿತಿ 0.90). ಬಿಎಂಐ ಬಿಟ್ಟು ಮೂರೂ ಅಳತೆ "ಪರೀಕ್ಷೆ ಮಾಡಿಸಿ" ಎನ್ನುತ್ತವೆ.

ಎರಡನೆಯವರು 148 ಸೆಂ.ಮೀ. ಎತ್ತರದ ಗೃಹಿಣಿ. ತೂಕ 56, ಹೊಟ್ಟೆ 79, ನಿತಂಬ 97. ಹೊಟ್ಟೆಯ ಸುತ್ತಳತೆ ಹೆಂಗಸರ ಮಿತಿಯಾದ 80ರ ಒಳಗೇ ಇದೆ. ನಿತಂಬದ ಅನುಪಾತ 0.81, ಅದೂ ಮಿತಿಯೊಳಗೆ. ಆದರೆ ಎತ್ತರಕ್ಕೆ ಹೋಲಿಸಿದರೆ 0.53, ಬಿಎಂಐ 25.6. ಕುಳ್ಳಗಿರುವ ಹೆಂಗಸರನ್ನು 80 ಎಂಬ ಒಂಟಿ ಸಂಖ್ಯೆ ಹೀಗೆ ಕೈಬಿಡುತ್ತದೆ.

ಮೂರನೆಯವರು ಅದೇ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಎತ್ತರ 178, ತೂಕ 80, ಹೊಟ್ಟೆ 87, ನಿತಂಬ 99. ಬಿಎಂಐ 25.2, ಭಾರತದ ಮಿತಿಯ ಪ್ರಕಾರ ಬೊಜ್ಜು. ಹೊಟ್ಟೆ 90ರ ಒಳಗೆ, ಎತ್ತರದ ಅನುಪಾತ 0.49, ನಿತಂಬದ್ದು 0.88. ಇವರ ತೂಕದಲ್ಲಿ ಹೆಚ್ಚು ಪಾಲು ತೊಡೆ, ಬೆನ್ನು, ಭುಜಗಳ ಮಾಂಸಖಂಡದ್ದು.

ಬಿಎಂಐ ಒಂದನ್ನೇ ನೋಡಿದ್ದರೆ ಗುಮಾಸ್ತರನ್ನು ಮನೆಗೆ ಕಳಿಸಿ ಹಮಾಲಿಯನ್ನು ಹೆದರಿಸುತ್ತಿದ್ದೆವು. 90–80ರ ಮಿತಿ ಮಾತ್ರ ನೋಡಿದ್ದರೆ ಗೃಹಿಣಿ ತಪ್ಪಿಹೋಗುತ್ತಿದ್ದರು. ಮೂವರನ್ನೂ ಸರಿಯಾಗಿ ಬೇರ್ಪಡಿಸಿದ್ದು ಎತ್ತರದ ಅನುಪಾತ.

ಬಿಎಂಐ: ಎಲ್ಲಿ ಉಪಯೋಗ, ಎಲ್ಲಿ ಮೋಸ

ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ 19ನೇ ಶತಮಾನದಲ್ಲಿ ಜನಸಮೂಹದ ಸರಾಸರಿ ನೋಡಲು ಹೂಡಿದ ಲೆಕ್ಕ ಅದು. ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರಿಂದ. ಒಬ್ಬೊಬ್ಬರ ಅಪಾಯ ಹೇಳಲೆಂದು ಹುಟ್ಟಿದ ಸಾಧನವೇ ಅಲ್ಲ. ತೂಕದಲ್ಲಿ ಕೊಬ್ಬೆಷ್ಟು, ಮಾಂಸವೆಷ್ಟು, ಕೊಬ್ಬು ಇರುವುದು ಹೊಟ್ಟೆಯಲ್ಲೋ ತೊಡೆಯಲ್ಲೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಭಾರತೀಯರಲ್ಲಿ ಈ ಕೊರತೆ ದೊಡ್ಡದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಅಳೆಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿದ ಈ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಅದಕ್ಕಾಗಿಯೇ ಪಾಶ್ಚಾತ್ಯರಿಗೆ 25 ಮತ್ತು 30 ಇರುವ ಮಿತಿಗಳನ್ನು ಭಾರತದ ತಜ್ಞರು 2009ರಲ್ಲಿ 23 ಮತ್ತು 25ಕ್ಕೆ ಇಳಿಸಿದರು: 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಮೊಬೈಲಿನ ಎಷ್ಟೋ ಆ್ಯಪ್‌ಗಳು ಇನ್ನೂ ಹಳೆಯ ಮಿತಿಯಲ್ಲೇ ಹಸಿರು ಬಣ್ಣ ತೋರಿಸುತ್ತವೆ. 24.5 ಬಂದವರಿಗೆ ಆ ಹಸಿರು ಸುಳ್ಳು ಧೈರ್ಯ ಕೊಡುತ್ತದೆ.

ಹಾಗೆಂದು ಬಿಎಂಐ ಬಿಸಾಡುವಂಥದ್ದಲ್ಲ. ತೂಕ ಇಳಿಸುತ್ತಿರುವವರು ದಾರಿ ನೋಡಿಕೊಳ್ಳಲು ಅದು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಹೃದ್ರೋಗ ಅಪಾಯದ ಪಟ್ಟಿಗಳಲ್ಲಿ ರಕ್ತಪರೀಕ್ಷೆ ಇಲ್ಲದೆ ಬಳಸುವ ಒಂದು ಪಟ್ಟಿ ಇದೆ. ಅದು ವಯಸ್ಸು, ಗಂಡೋ ಹೆಣ್ಣೋ, ಧೂಮಪಾನ, ಮೇಲಿನ ಬಿಪಿ, ಇವುಗಳ ಜೊತೆ ಬಿಎಂಐಯನ್ನೇ ಕೇಳುತ್ತದೆ. ತೀರಾ ಕಡಿಮೆ ತೂಕದವರನ್ನು ಗುರುತಿಸುವುದಕ್ಕೂ ಬಿಎಂಐ ಬೇಕು. 18.5ಕ್ಕಿಂತ ಕೆಳಗಿರುವವರ ತೊಂದರೆ ಟೇಪಿಗೆ ಸಿಗುವುದಿಲ್ಲ.

ಹೊಟ್ಟೆಯ ಸುತ್ತಳತೆ ಮತ್ತು ಎತ್ತರದ ಅರ್ಧ

ಚರ್ಮದ ಕೆಳಗಿನ ಕೊಬ್ಬು ಮತ್ತು ಕರುಳು–ಪಿತ್ತಜನಕಾಂಗಗಳ ಸುತ್ತ ಕೂರುವ ಕೊಬ್ಬು ಒಂದೇ ರೀತಿ ವರ್ತಿಸುವುದಿಲ್ಲ. ಒಳಗಿನ ಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳ ಬಹುಪಾಲು ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಬಿಪಿಯೂ ಏರತೊಡಗುತ್ತದೆ. ಸಕ್ಕರೆ ಕಾಯಿಲೆ ಮತ್ತು ಹೃದಯಾಘಾತ ಎರಡಕ್ಕೂ ಇದು ಒಂದು ಮುಖ್ಯ ಮೂಲ. ಹೊಟ್ಟೆಯ ಸುತ್ತಳತೆ ಆ ಒಳಕೊಬ್ಬಿಗೆ ನಮ್ಮ ಕೈಗೆ ಸಿಗುವ ಅತ್ಯಂತ ಅಗ್ಗದ ಸುಳಿವು.

ದಕ್ಷಿಣ ಏಷ್ಯಾದವರಿಗೆ ಒಪ್ಪಿತವಾದ ಮಿತಿ ಗಂಡಸರಿಗೆ 90 ಸೆಂ.ಮೀ. (ಸುಮಾರು 35½ ಇಂಚು), ಹೆಂಗಸರಿಗೆ 80 (31½ ಇಂಚು). ಅಮೆರಿಕದ ಪುಸ್ತಕಗಳಲ್ಲಿ ಕಾಣುವ 102 ಮತ್ತು 88 ನಮಗೆ ಹೊಂದುವುದಿಲ್ಲ. ಭಾರತದ 2009ರ ತಜ್ಞರ ಪಟ್ಟಿಯಲ್ಲಿ ಇನ್ನೂ ಮೊದಲಿನ ಒಂದು ಗೆರೆ ಇದೆ: ಗಂಡಸರು 78, ಹೆಂಗಸರು 72 ತಲುಪಿದಾಗಲೇ ಇನ್ನು ಹೆಚ್ಚದಂತೆ ನೋಡಿಕೊಳ್ಳಬೇಕು. ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕು. 30ರ ಹರೆಯದಲ್ಲಿ 78 ಇದ್ದವರು 90 ಆಗುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಎತ್ತರದ ಅನುಪಾತಕ್ಕೆ ಗಂಡು–ಹೆಣ್ಣೆಂಬ ಬೇರೆ ಮಿತಿ ಬೇಡ. ಹೊಟ್ಟೆಯ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ. ಎರಡೂ ಒಂದೇ ಮಾನದಲ್ಲಿರಲಿ. 0.5ಕ್ಕಿಂತ ಕಡಿಮೆ ಇದ್ದರೆ ಸರಿ. 0.5ರಿಂದ 0.59 ಅಪಾಯ ಹೆಚ್ಚಿದ ಸೂಚನೆ. 0.6 ದಾಟಿದರೆ ಇನ್ನೂ ಹೆಚ್ಚು. ವೈದ್ಯಕೀಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಿಂದ ಇದನ್ನೇ ಜನರಿಗೆ ಹೇಳುತ್ತಿದೆ: ಹೊಟ್ಟೆಯ ಸುತ್ತ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ಲೆಕ್ಕ ಬಾರದವರಿಗೆ ದಾರ ಸಾಕು. ಹಿಗ್ಗದ ನೂಲಿನ ಹುರಿ ತೆಗೆದುಕೊಳ್ಳಿ. ಎಲಾಸ್ಟಿಕ್, ಉಲ್ಲನ್ ಬೇಡ, ಒದ್ದೆಯಾದ ಬಾಳೆನಾರೂ ಬೇಡ. ಗೋಡೆಗೆ ಒರಗಿ ನಿಂತವರ ನೆತ್ತಿಯಿಂದ ಅಂಗಾಲಿನವರೆಗೆ ಅಳೆದು ಕತ್ತರಿಸಿ. ಅದನ್ನು ಸರಿಯಾಗಿ ಎರಡು ಮಡಿಸಿ ಹೊಟ್ಟೆಯ ಸುತ್ತ ತನ್ನಿ. ಎರಡು ತುದಿ ಎಳೆಯದೆ ಕೂಡಿದರೆ 0.5ರ ಒಳಗಿದ್ದೀರಿ. ನಡುವೆ ಸಂದು ಉಳಿದರೆ ದಾಟಿದ್ದೀರಿ. ಓದಲು ಬಾರದ ಹಿರಿಯರೂ ಇದನ್ನು ತಾವೇ ನೋಡಿಕೊಳ್ಳಬಹುದು. ಈ ಅಳತೆಯನ್ನು ನಾವು ಮೊದಲಿಡುವುದಕ್ಕೆ ಇದೂ ಒಂದು ಕಾರಣ.

ಇದಕ್ಕೂ ಒಂದು ಮಿತಿ ಉಂಟು. ಬಿಎಂಐ 35 ದಾಟಿದವರಲ್ಲಿ ಅಪಾಯ ಹೇಗೂ ಹೆಚ್ಚೇ ಇರುತ್ತದೆ. ಅವರಿಗೆ ಅನುಪಾತ ಹೊಸದೇನನ್ನೂ ಹೇಳುವುದಿಲ್ಲ.

ನಿತಂಬವನ್ನೂ ಅಳೆಯಬೇಕೆ?

2004ರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ಮೊದಲ ಹೃದಯಾಘಾತವಾದವರನ್ನೂ ಆಗದವರನ್ನೂ ಹೋಲಿಸಿತು. ಮುಂದಿನ ವರ್ಷ ಬಂದ ಅದರ ಬೊಜ್ಜಿನ ವಿಶ್ಲೇಷಣೆಯಲ್ಲಿ ಹೃದಯಾಘಾತದ ಜೊತೆ ಬಿಎಂಐಗಿಂತ ಬಲವಾದ ನಂಟು ಕಂಡದ್ದು ಹೊಟ್ಟೆ–ನಿತಂಬದ ಅನುಪಾತಕ್ಕೆ. ನಿತಂಬ, ತೊಡೆಗಳಲ್ಲಿ ಮಾಂಸಖಂಡ ಮತ್ತು ಚರ್ಮದಡಿಯ ಕೊಬ್ಬು ಚೆನ್ನಾಗಿದ್ದರೆ ಅದು ಕಾಪಾಡುತ್ತದೆ. ರಕ್ತದಲ್ಲಿರುವ ಹೆಚ್ಚುವರಿ ಕೊಬ್ಬು ಅಲ್ಲಿ ನಿಲ್ಲುತ್ತದೆ. ನಿತಂಬ ಸೊರಗಿ ಹೊಟ್ಟೆ ಬಂದವರಲ್ಲಿ ಆ ಕಾವಲೂ ಇಲ್ಲ.

ಗಂಡಸರಿಗೆ 0.90, ಹೆಂಗಸರಿಗೆ 0.85 ಮುಟ್ಟಿದರೆ ಹೆಚ್ಚು ಅಪಾಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಅಳತೆಯನ್ನು ಮನೆಮನೆಯಲ್ಲಿ ತೆಗೆದಾಗ ದೇಶದ ಹೆಂಗಸರಲ್ಲಿ ಸುಮಾರು ಶೇ 57, ಗಂಡಸರಲ್ಲಿ ಶೇ 48 ಮಂದಿ ಮಿತಿ ದಾಟಿದ್ದರು.

ಇಷ್ಟೆಲ್ಲ ಇದ್ದೂ ಇದನ್ನು ಎರಡನೆಯ ಸಾಲಿಗೆ ಹಾಕಲು ಕಾರಣಗಳಿವೆ. ಎರಡು ಅಳತೆ ಎಂದರೆ ಎರಡು ಕಡೆ ತಪ್ಪಾಗುವ ಅವಕಾಶ. ಸೀರೆ–ಲಂಗದ ಮೇಲೆ ನಿತಂಬ ಅಳೆದರೆ ನಾಲ್ಕೈದು ಸೆಂಟಿಮೀಟರ್ ಹೆಚ್ಚು ಬಂದು ಅನುಪಾತ ಸುಳ್ಳಾಗಿ ಇಳಿಯುತ್ತದೆ. ತೂಕ ಇಳಿಸುವಾಗ ಹೊಟ್ಟೆ, ನಿತಂಬ ಎರಡೂ ಕರಗುವುದರಿಂದ ಅನುಪಾತ ಇದ್ದಲ್ಲೇ ಇರುತ್ತದೆ, ಪ್ರಗತಿ ಕಾಣುವುದಿಲ್ಲ. ಮನೆಯಲ್ಲಿ ಇದನ್ನು ಬಳಸಬೇಕಾದವರು ಎಂದರೆ ಎತ್ತರದ ಅನುಪಾತ 0.48ರಿಂದ 0.51ರ ನಡುವೆ ಬಂದು ಗೊಂದಲದಲ್ಲಿರುವವರು, ಮತ್ತು ಕೈಕಾಲು ಬಡಕಲಾಗಿ ಹೊಟ್ಟೆ ಮಾತ್ರ ಬಂದಿರುವವರು.

ಬಿಡಬಹುದಾದವು

ಕೊಬ್ಬಿನ ಶೇಕಡಾ ತೋರಿಸುವ ಎಲೆಕ್ಟ್ರಾನಿಕ್ ತೂಕದ ಯಂತ್ರ ಪಾದದ ಮೂಲಕ ಸಣ್ಣ ವಿದ್ಯುತ್ ಹಾಯಿಸಿ, ಎದುರಾಗುವ ತಡೆಯಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ಬರಿ ಪಾದದ ಯಂತ್ರಗಳಲ್ಲಿ ಆ ವಿದ್ಯುತ್ತು ಹೆಚ್ಚಾಗಿ ಹಾಯುವುದು ಕಾಲುಗಳಲ್ಲಿ; ನಮಗೆ ಬೇಕಾದ ಹೊಟ್ಟೆಯ ಮಾತು ಲೆಕ್ಕದ ಊಹೆ. ಮಳೆಗಾಲದಲ್ಲಿ ಒದ್ದೆ ಪಾದ, ಚಳಿಗಾಲದಲ್ಲಿ ಒಡೆದು ಗಟ್ಟಿಯಾದ ಹಿಮ್ಮಡಿ, ತೋಟದಲ್ಲಿ ಬೆವರು ಹರಿಸಿ ಬಂದ ಮೈ, ಒಂದೊಂದಕ್ಕೂ ಸಂಖ್ಯೆ ಬದಲಾಗುತ್ತದೆ. ಯಂತ್ರ ಇದ್ದರೆ ತೂಕ ನೋಡಿಕೊಳ್ಳಿ, ಉಳಿದ ಸಂಖ್ಯೆಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಕತ್ತಿನ ಸುತ್ತಳತೆ ಗಂಡಸರಲ್ಲಿ 37, ಹೆಂಗಸರಲ್ಲಿ 34 ಸೆಂ.ಮೀ. ದಾಟಿದರೆ ಅಧಿಕ ತೂಕದ ಸೂಚನೆ ಎನ್ನುತ್ತಾರೆ. ಬಟ್ಟೆ ಬಿಚ್ಚಿಸಲಾಗದ ಶಿಬಿರಗಳಲ್ಲಿ ಅನುಕೂಲ. ಅದರ ನಿಜವಾದ ಉಪಯೋಗ ಗೊರಕೆಯವರಲ್ಲಿ: ದೊಡ್ಡ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದ್ದು ಕತ್ತು 40 ದಾಟಿದ್ದರೆ ವೈದ್ಯರಿಗೆ ಅದನ್ನು ಹೇಳಲೇಬೇಕು. 2012ರಲ್ಲಿ ಬಂದ ಎಬಿಎಸ್‌ಐ ಎಂಬ ದೇಹದ ಆಕಾರದ ಸೂಚ್ಯಂಕ, 2013ರ ದೇಹದ ದುಂಡುತನದ ಸೂಚ್ಯಂಕ ಇವೆಲ್ಲ ಸಂಶೋಧಕರ ಕೆಲಸಕ್ಕೆ. ಅವಕ್ಕೂ ಬೇಕಾದದ್ದು ಅದೇ ಹೊಟ್ಟೆಯ ಸುತ್ತಳತೆ ಮತ್ತು ಎತ್ತರ; ಎಬಿಎಸ್‌ಐಗೆ ತೂಕವೂ ಬೇಕು.

ಟೇಪು ಎಲ್ಲಿಡಬೇಕು

ಇಲ್ಲಿ ನಿಧಾನಿಸಿ. 160 ಸೆಂ.ಮೀ. ಎತ್ತರದವರಲ್ಲಿ ಮೂರು ಸೆಂಟಿಮೀಟರ್ ತಪ್ಪಾದರೆ 0.49 ಇದ್ದದ್ದು 0.51 ಆಗುತ್ತದೆ, ತೀರ್ಪೇ ತಿರುಗಿಬೀಳುತ್ತದೆ.

ಮೊದಲು ಟೇಪನ್ನು ಪರೀಕ್ಷಿಸಿ. ದರ್ಜಿಯ ಹಳೆಯ ಟೇಪಿನಲ್ಲಿ ತುದಿಯ ತಗಡು ಕಿತ್ತು ಮೊದಲ ಒಂದೆರಡು ಸೆಂಟಿಮೀಟರ್ ಸವೆದಿರುತ್ತದೆ, ಬಟ್ಟೆಯ ಟೇಪು ಬಳಸಿ ಬಳಸಿ ಹಿಗ್ಗಿರುತ್ತದೆ. ಶಾಲೆಯ ಸ್ಟೀಲ್ ಸ್ಕೇಲನ್ನು ಟೇಪಿನ ಆರಂಭದಲ್ಲೂ 60ರ ಮೇಲೂ ಇಟ್ಟು ಹೋಲಿಸಿ. ಹೊಂದದಿದ್ದರೆ ಹೊಸದು ಕೊಳ್ಳಿ. ಬಡಗಿಯ ಉಕ್ಕಿನ ಟೇಪು ಎತ್ತರ ಅಳೆಯಲು ಒಳ್ಳೆಯದು, ಹೊಟ್ಟೆಗೆ ಬೇಡ. ಮೈಗೆ ಬಾಗಿ ಕೂರುವುದಿಲ್ಲ.

ಬೆಳಿಗ್ಗೆ, ಶೌಚ ಮುಗಿಸಿ, ತಿಂಡಿಗೆ ಮೊದಲು ಅಳೆಯಿರಿ. ಹೊಟ್ಟೆತುಂಬ ಕಡುಬು ತಿಂದ ಮೇಲೆ ಅಳೆದರೆ ಅಳತೆ ಹಿಗ್ಗಿರುತ್ತದೆ. ಅಂಗಿ ತೆಗೆಯಿರಿ. ಗಂಡಸರು ಪಂಚೆಯ ಗಂಟು ಕೆಳಗಿಳಿಸಬೇಕು. ಹೆಂಗಸರು ಲಂಗದ ಲಾಡಿ ಸಡಿಲಿಸಿ ಐದು ನಿಮಿಷ ಬಿಡಬೇಕು. ಲಾಡಿ ಒತ್ತಿ ಗೆರೆ ಬಿದ್ದ ಜಾಗದಲ್ಲೇ ಟೇಪು ಕೂತರೆ ನಿಜಕ್ಕಿಂತ ಕಡಿಮೆ ಬರುತ್ತದೆ.

ಜಾಗ ಹುಡುಕುವುದು ಹೀಗೆ. ಕಂಕುಳಿನಿಂದ ನೇರ ಕೆಳಗೆ, ಪಕ್ಕೆಲುಬಿನ ಕೊನೆಯ ಅಂಚನ್ನು ಬೆರಳಿನಿಂದ ಒತ್ತಿ ಗುರುತಿಸಿ. ಅದೇ ಗೆರೆಯಲ್ಲಿ ಇನ್ನೂ ಕೆಳಗೆ ಬಂದರೆ ಸೊಂಟದ ಮೂಳೆಯ ಮೇಲಂಚು ಕೈಗೆ ಸಿಗುತ್ತದೆ. ಎರಡರ ನಡುಮಧ್ಯೆ ಪೆನ್ನಿನಿಂದ ಚುಕ್ಕೆ ಇಡಿ, ಎರಡೂ ಪಕ್ಕದಲ್ಲಿ. ಟೇಪು ಹಾದುಹೋಗಬೇಕಾದದ್ದು ಆ ಚುಕ್ಕೆಗಳ ಮೇಲೆ. ಹೊಕ್ಕುಳನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ಹೊಟ್ಟೆ ಜೋತುಬಿದ್ದವರಲ್ಲಿ ಹೊಕ್ಕುಳೂ ಕೆಳಗೆ ಇಳಿದಿರುತ್ತದೆ. ಉಡಿದಾರವನ್ನೂ ನಂಬಬೇಡಿ. ಹೊಟ್ಟೆ ಬೆಳೆದಂತೆ ಅದು ಹೊಟ್ಟೆಯ ಕೆಳಗೆ ಜಾರಿ, ಬಿಗಿಯಾಗದೆ ಹಾಗೇ ಉಳಿಯುತ್ತದೆ. ಪ್ಯಾಂಟಿನ ನಂಬರೂ ಹಾಗೆಯೇ. "ಹತ್ತು ವರ್ಷದಿಂದ 34ರ ಪ್ಯಾಂಟೇ" ಎನ್ನುವವರು ಅದನ್ನು ಹೊಟ್ಟೆಯ ಕೆಳಗೆ ತೊಡುತ್ತಿರುತ್ತಾರೆ. ಟೇಪು ಹಾಕಿದರೆ 38 ಇಂಚು ಬರಬಹುದು.

ಪಾದ ಜೋಡಿಸಿ, ಎರಡೂ ಕಾಲಿಗೆ ಸಮ ಭಾರ ಹಾಕಿ, ಕೈ ಸಡಿಲ ಬಿಟ್ಟು ನಿಲ್ಲಿ. ಟೇಪು ನೆಲಕ್ಕೆ ಸಮಾನಾಂತರ ಇರಬೇಕು. ಬೆನ್ನಿನ ಕಡೆ ಟೇಪು ಕೆಳಗೆ ಜಾರುವುದು ಎಲ್ಲರಿಗೂ ಆಗುವ ತಪ್ಪು. ಒಬ್ಬರೇ ಇದ್ದರೆ ಕನ್ನಡಿಯಲ್ಲಿ ಪಕ್ಕದಿಂದ ನೋಡಿ. ಮಾಮೂಲಿ ಉಸಿರು ಹೊರಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ತಪ್ಪಿಸಲು ಅಳೆಯುವವರು ಮಾತಾಡಿಸುತ್ತಿರಬೇಕು. ಎಳೆತ ಎಷ್ಟಿರಬೇಕೆಂದರೆ ಸುಮಾರು 100 ಗ್ರಾಂ ಭಾರದಷ್ಟು. ನೂರು ಗ್ರಾಮಿನ ಸೋಪನ್ನು ಟೇಪಿನ ತುದಿಗೆ ಕಟ್ಟಿ ಒಮ್ಮೆ ತೂಗಿಸಿ ನೋಡಿದರೆ ಕೈಗೆ ಅಂದಾಜು ಸಿಗುತ್ತದೆ. ಟೇಪು ಚರ್ಮಕ್ಕೆ ತಾಗಬೇಕು, ಚರ್ಮ ಒತ್ತಬಾರದು. ದರ್ಜಿಗಳ ಹಾಗೆ ಬೆರಳು ತೂರಿಸಿ ಸಡಿಲ ಬಿಡುವಂತಿಲ್ಲ.

ಎರಡು ಸಲ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು ತೆಗೆದು, ಹತ್ತಿರದ ಎರಡರ ಸರಾಸರಿ ಬರೆದುಕೊಳ್ಳಿ. ನಿತಂಬವನ್ನು ಅಳೆಯುವುದಾದರೆ ಪಕ್ಕದಿಂದ ನೋಡಿದಾಗ ಅತಿ ಹೆಚ್ಚು ಉಬ್ಬಿದ ಜಾಗದಲ್ಲಿ, ತೆಳುವಾದ ಒಂದೇ ಬಟ್ಟೆಯ ಮೇಲೆ.

ಎತ್ತರಕ್ಕೆ ಗೋಡೆಗೆ ಹಿಮ್ಮಡಿ, ನಿತಂಬ, ಬೆನ್ನು ತಾಗಿಸಿ, ತುರುಬು ಬಿಚ್ಚಿ, ನೇರ ಮುಂದೆ ನೋಡಿ. ನೆತ್ತಿಯ ಮೇಲೆ ಗಟ್ಟಿ ಪುಸ್ತಕವನ್ನು ಗೋಡೆಗೆ ಕೂಡಿಸಿ ಗುರುತು ಹಾಕಿ. ತೂಕದ ಯಂತ್ರವನ್ನು ಸಗಣಿ ಸಾರಿಸಿದ ನೆಲದ ಮೇಲೆ, ಚಾಪೆಯ ಮೇಲೆ ಇಡಬೇಡಿ. ಗಟ್ಟಿ ಸಿಮೆಂಟು ನೆಲ ಬೇಕು. ಒಡೆಯದ 25 ಕೆ.ಜಿ. ಅಕ್ಕಿಚೀಲ ಇಟ್ಟು ನೋಡಿದರೆ ಯಂತ್ರ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತಿದೆ ಎಂದು ತಿಳಿಯುತ್ತದೆ.

ಈ ಅಳತೆ ಯಾರಿಗೆ ಹೊಂದುವುದಿಲ್ಲ

ಗರ್ಭಿಣಿಯರಿಗೆ ಮತ್ತು ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಬೇಡ. ಆದರೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವರು ಟೇಪು ಏನೇ ಹೇಳಲಿ, ಹೆರಿಗೆಯಾದ 6ರಿಂದ 12 ವಾರದೊಳಗೆ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು, ಆಮೇಲೂ ಬಿಡದೆ ಮಾಡಿಸುತ್ತಿರಬೇಕು. ಹೊಟ್ಟೆಯಲ್ಲಿ ನೀರು ತುಂಬಿದವರು, ದೊಡ್ಡ ಹರ್ನಿಯಾ ಇರುವವರಲ್ಲಿ ಸುತ್ತಳತೆಗೆ ಅರ್ಥವಿಲ್ಲ. ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ ಕಾಲು ಊದಿಕೊಂಡರೆ ಅದು ಬೊಜ್ಜಲ್ಲ, ಕೂಡಲೇ ವೈದ್ಯರಿಗೆ ತೋರಿಸಬೇಕಾದದ್ದು.

ವಯಸ್ಸಾದವರಲ್ಲಿ ಬೆನ್ನು ಬಾಗಿ ಎತ್ತರ ಕುಗ್ಗುತ್ತದೆ. ಹಿಂದೆ 164 ಇದ್ದವರು ಈಗ 158 ಆಗಿ, ಹೊಟ್ಟೆ 82 ಇದ್ದರೆ ಅನುಪಾತ 0.50 ಬರಬೇಕಾದ್ದು 0.52 ಬರುತ್ತದೆ. ಪ್ರಾಯದಲ್ಲಿದ್ದ ಎತ್ತರ ಯಾವುದಾದರೂ ದಾಖಲೆಯಲ್ಲಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಎರಡು ಕೈ ಚಾಚಿ ಮಧ್ಯದ ಬೆರಳಿಂದ ಬೆರಳಿಗೆ ಅಳೆದದ್ದು ಸುಮಾರಾಗಿ ಎತ್ತರಕ್ಕೆ ಸಮ. ತುಂಬ ಬಾಗಿದವರಲ್ಲಿ ಪಕ್ಕೆಲುಬು ಸೊಂಟದ ಮೂಳೆಗೆ ತಾಗುವಷ್ಟು ಬಂದಿರುತ್ತದೆ, ನಡುಮಧ್ಯ ಸಿಗುವುದೇ ಇಲ್ಲ. ಅಂಥವರಲ್ಲಿ ಹೊಟ್ಟೆಗಿಂತ ಮೀನಖಂಡ ನೋಡುವುದು ಉಪಯುಕ್ತ. ಕಾಲಿನ ಮೀನಖಂಡದ ಸುತ್ತ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಾಂಸಖಂಡ ಕರಗುತ್ತಿರುವ ಸೂಚನೆ. ಅವರಿಗೆ ತೂಕ ಇಳಿಸಲು ಊಟ ಬಿಡಿಸಿದರೆ ಕೇಡಾಗುತ್ತದೆ.

ಟೇಪಿನ ಜೊತೆ ಕೇಳಬೇಕಾದ ಪ್ರಶ್ನೆಗಳು

ಸುತ್ತಳತೆ ವಯಸ್ಸನ್ನು ಹೇಳುವುದಿಲ್ಲ, ಅಪ್ಪ–ಅಮ್ಮನ ಕಾಯಿಲೆಯನ್ನು ಹೇಳುವುದಿಲ್ಲ, ಬಾಯಲ್ಲಿರುವ ತಂಬಾಕನ್ನು ಹೇಳುವುದಿಲ್ಲ. ಹಾಗಾಗಿ ಅಳತೆಯನ್ನು ಅಂಕಪಟ್ಟಿಯಲ್ಲಿ ಸೇರಿಸಿ ನೋಡುವುದೇ ಮೇಲು. ಇಂಥವು ಎರಡು ನಮ್ಮಲ್ಲಿವೆ.

ಒಂದು, ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2005ರಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕಪಟ್ಟಿ. ವಯಸ್ಸು 35ರಿಂದ 49 ಆದರೆ 20, 50 ದಾಟಿದರೆ 30. ಹೊಟ್ಟೆ ಗಂಡಸರಲ್ಲಿ 90ರಿಂದ 99, ಹೆಂಗಸರಲ್ಲಿ 80ರಿಂದ 89 ಇದ್ದರೆ 10. ಅದಕ್ಕೂ ಮೇಲಾದರೆ 20. ಮೈ ದಣಿಯುವ ಕೆಲಸವೂ ಇಲ್ಲ, ವ್ಯಾಯಾಮವೂ ಇಲ್ಲ ಎಂದರೆ 30. ಹೆತ್ತವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಹೆಚ್ಚು ಅಪಾಯ. ನಮ್ಮ ಗುಮಾಸ್ತರ ತಾಯಿಗೆ ಸಕ್ಕರೆ ಕಾಯಿಲೆ ಇತ್ತು ಎಂದಿಟ್ಟುಕೊಳ್ಳಿ. 30, 10, 30, 10 ಕೂಡಿದರೆ 80. ಬಿಎಂಐ "ಸರಿ" ಎಂದು ಬಿಟ್ಟ ಮನುಷ್ಯ ಇವರು.

ಇನ್ನೊಂದು, ಆಶಾ ಕಾರ್ಯಕರ್ತೆಯರು ಮನೆಗೆ ತರುವ ಸಿಬ್ಯಾಕ್ ಫಾರಂ. ಅದರಲ್ಲೂ ಸುತ್ತಳತೆಗೆ ಅಂಕವಿದೆ: ಹೆಂಗಸರಿಗೆ 81ರಿಂದ 90ಕ್ಕೆ 1, ಮೇಲಾದರೆ 2, ಗಂಡಸರಿಗೆ 91ರಿಂದ 100ಕ್ಕೆ 1, ಮೇಲಾದರೆ 2. ತಂಬಾಕು, ಮದ್ಯ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ, ಮನೆಯವರ ಕಾಯಿಲೆ ಕೇಳುತ್ತಾರೆ. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕರೆಯುತ್ತಾರೆ. ಆಶಾ ಅಕ್ಕ ಬಂದಾಗ ಸೀರೆಯ ಮೇಲೆಯೇ ಟೇಪು ಸುತ್ತಿ ಬರೆಸಿ ಕಳಿಸಿಬಿಡುವುದು ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ಒಳಕೋಣೆಗೆ ಕರೆದುಕೊಂಡು ಹೋಗಿ ಸರಿಯಾಗಿ ಅಳೆಸಿಕೊಳ್ಳಿ. ನೀವೇ ಮೊದಲು ಅಳೆದು ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು.

ದೈಹಿಕ ಚಟುವಟಿಕೆಯ ಪ್ರಶ್ನೆಗೆ ಮಲೆನಾಡಿನಲ್ಲಿ ಉತ್ತರ ಕೊಡುವಾಗ ಎಚ್ಚರ ಬೇಕು. "ತೋಟದ ಮನೆ, ದಿನವಿಡೀ ಕೆಲಸ" ಎನ್ನುವ ಮಾತು ಎಲ್ಲರಿಗೂ ಎಲ್ಲ ತಿಂಗಳೂ ನಿಜವಲ್ಲ. ಅಡಿಕೆಯ ಕೊನೆ ಕೊಯ್ಯುವವರು, ಹೊರುವವರು ಮೈ ದಣಿಸುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿವರೆಗೆ ಅಡಿಕೆ ಸುಲಿಯುವವರ ಕೈ ದಣಿಯುತ್ತದೆ, ಸೊಂಟ ನೋಯುತ್ತದೆ, ಆದರೆ ತೊಡೆ, ಹೃದಯಗಳಿಗೆ ಅದು ವ್ಯಾಯಾಮವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಓಡಾಟ ನಿಂತು, ಹಲಸಿನ ಹಪ್ಪಳ, ಸಂಡಿಗೆ ಕರಿಯುವುದು ಹೆಚ್ಚುತ್ತದೆ. ಮೇ ಕೊನೆಗೆ ಒಮ್ಮೆ, ದಸರೆಯ ಹೊತ್ತಿಗೆ ಒಮ್ಮೆ ಅಳೆದರೆ ಮಳೆಗಾಲ ಎಷ್ಟು ಸೇರಿಸಿತು ಎಂಬುದು ಟೇಪಿನಲ್ಲೇ ಕಾಣುತ್ತದೆ.

ಅಳತೆ ಹೆಚ್ಚು ಬಂದಮೇಲೆ

ಬಿಪಿ, ಬರಿಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ, ಈ ಮೂರು ಮಾಡಿಸಿ. ಬಿಪಿ ಮತ್ತು ಬೆರಳಿನ ರಕ್ತದ ಸಕ್ಕರೆಯನ್ನು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ. ಮುಂದಿನದಕ್ಕೆ ತಾಲ್ಲೂಕು ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ವರದಿ ಕೈಗೆ ಬಂದಾಗ ಐದು ಸಾಲು ನೋಡಿ: ಹೊಟ್ಟೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಬಿಪಿ 130/85 ಅಥವಾ ಹೆಚ್ಚು, ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ಐದರಲ್ಲಿ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಬರಿಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಸಕ್ಕರೆ ಕಾಯಿಲೆಯದೇ ಮಟ್ಟ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಈ ವರದಿಗಳು ಕೈಯಲ್ಲಿದ್ದ ಮೇಲೆ ಟೇಪಿನ ಮಾತಿಗೆ ತೂಕ ಕಡಿಮೆ. 2011ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ 58 ಅಧ್ಯಯನಗಳ, ಎರಡು ಲಕ್ಷಕ್ಕೂ ಹೆಚ್ಚು ಜನರ ಒಟ್ಟು ವಿಶ್ಲೇಷಣೆ ಇದನ್ನು ತೋರಿಸಿತು: ಬಿಪಿ, ಸಕ್ಕರೆ ಕಾಯಿಲೆ, ಕೊಬ್ಬಿನ ಪ್ರಮಾಣ ಗೊತ್ತಿರುವಾಗ ಬಿಎಂಐ, ಹೊಟ್ಟೆ, ನಿತಂಬದ ಅಳತೆ ಸೇರಿಸಿದರೆ ಹೃದ್ರೋಗದ ಮುನ್ಸೂಚನೆ ಹೆಚ್ಚೇನೂ ಸುಧಾರಿಸುವುದಿಲ್ಲ. ಆದ್ದರಿಂದ ಬಿಪಿ 160 ಇರುವವರು "ಹೊಟ್ಟೆ ಸಣ್ಣದಿದೆ" ಎಂದು ಮಾತ್ರೆ ಬಿಡುವುದು ತಪ್ಪು. ಹಾಗೆಯೇ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಬಂದವರು ಅಳತೆ ಎಷ್ಟೇ ಚೆನ್ನಾಗಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದೊಡ್ಡ ಊರಿನವರೆಗೆ ಹೋಗೋಣ ಎಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಮರು ಅಳತೆ ತಿಂಗಳಿಗೊಮ್ಮೆ ಸಾಕು. ಒಂದು ಸೆಂಟಿಮೀಟರಿನ ಏರಿಳಿತ ಲೆಕ್ಕಕ್ಕಿಲ್ಲ. ಮೂರು ತಿಂಗಳಲ್ಲಿ ಮೂರು ಸೆಂಟಿಮೀಟರ್ ಬದಲಾದರೆ ಅದು ನಿಜ. ನಡೆದಾಡಲು ಹಿಡಿದು, ಅನ್ನ–ಕರಿದದ್ದು ಕಡಿಮೆ ಮಾಡಿಯೂ ಟೇಪು ಕದಲದಿದ್ದರೆ ಕೈಬಿಡಬೇಡಿ. 2006ರಲ್ಲಿ ಫಲಿತಾಂಶ ಪ್ರಕಟವಾದ ಭಾರತದ ಮಧುಮೇಹ ತಡೆ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ–ನಡಿಗೆ ಬದಲಿಸಿಕೊಂಡದ್ದರಿಂದ ಕಾಯಿಲೆಗೆ ಬೀಳುವ ಸಂಭವ ಶೇ 28.5ರಷ್ಟು ಇಳಿಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಟೇಪು ಕದಲದವರು ಮೂರು ತಿಂಗಳಿಗೊಮ್ಮೆ, ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ದಿನಾಂಕ, ಹೊಟ್ಟೆ, ತೂಕ, ಬಿಪಿ, ಸಕ್ಕರೆ ಐದನ್ನೂ ಒಂದೇ ಪುಟದಲ್ಲಿ ಬರೆದಿಟ್ಟು, ಪ್ರತಿ ಭೇಟಿಯಲ್ಲೂ ಆ ಪುಟವನ್ನು ವೈದ್ಯರ ಮುಂದಿಡಲಿ.